ಅರಿಶಿನದ ಚುಕ್ಕೆಗೆ ಒಂದಿಷ್ಟು ಕುಂಕುಮ

ಅಮ್ಮ ಸೀರೆ ಕೊಳ್ಳುವುದಕ್ಕೆ ಒಂದು ಕ್ರಮವಿತ್ತು. ಅಂಗಡಿಯವರು ಗಾದಿಯ ಮೇಲೆ ಹತ್ತು ಹದಿನೈದು ಸೀರೆ ಬಿಡಿಸಿ ಹಾಕುತ್ತಿದ್ದರು. ಅವಳು ಎಲ್ಲವನ್ನೂ ಕೈಯಲ್ಲಿ ಸವರಿ, ಎರಡನ್ನು ಆರಿಸಿ, ತೋಳಿನ ಮೇಲೆ ಹಾಕಿಕೊಂಡು ಎದ್ದು ಬಾಗಿಲ ತನಕ ಬರುತ್ತಿದ್ದಳು. ಹೊಸ್ತಿಲ ಮೇಲೆ ನಿಂತು, ಸೆರಗನ್ನು ಬೀದಿಯ ಬಿಸಿಲಿಗೆ ಹಿಡಿದು, ಎರಡು ಸಲ ಅತ್ತಿತ್ತ ಹೊರಳಿಸಿ, "ಹಾಂ, ಈಗ ಬಂತು ನೋಡು ಬಣ್ಣ" ಅಂದ ಮೇಲೆಯೇ ಬೆಲೆಯ ಮಾತು. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಕಂದಾಗಿ ಮಲಗಿದ್ದ ಇಳಕಲ್ ಸೀರೆಯ ಸೆರಗು ಹೊಸ್ತಿಲು ದಾಟುತ್ತಿದ್ದಂತೆ ದಾಳಿಂಬೆ ಬಿಚ್ಚಿದ ಹಾಗೆ ಕೆಂಪಾಗುತ್ತಿತ್ತು. ಚಿಕ್ಕಂದಿನಲ್ಲಿ ನನಗೆ ಅದು ಸೀರೆಯ ಗುಣ ಅನ್ನಿಸಿತ್ತು. ಅದು ಬೆಳಕಿನ ಗುಣ ಎಂದು ತಿಳಿಯಲು, ನನ್ನ ಮನೆಯ ಬಲ್ಬುಗಳನ್ನು ನಾನೇ ಆರಿಸಿ ತರುವ ಕಾಲ ಬರಬೇಕಾಯಿತು.

ಕರೆಂಟು ಉಳಿಸುವ ಬಲ್ಬು ಯಾವುದು ಎಂಬ ಪ್ರಶ್ನೆಗೆ ಈಗ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಅರವತ್ತು ವಾಟಿನ ಹಳೆಯ ತಂತಿಯ ಬಲ್ಬು ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ 9 ಯೂನಿಟ್. ಅಷ್ಟೇ ಬೆಳಕು ಕೊಡುವ ಒಂಬತ್ತು ವಾಟಿನ ಎಲ್‌ಇಡಿಗೆ ಒಂದೂವರೆ ಯೂನಿಟ್ಟೂ ಸಾಕು. 2015ರಲ್ಲಿ ಕೇಂದ್ರದ ಉಜಾಲಾ ಯೋಜನೆ ಶುರುವಾಗಿ, ನಮ್ಮಲ್ಲಿ ಅದು 'ಹೊಸ ಬೆಳಕು' ಎಂಬ ಹೆಸರಿನಲ್ಲಿ ಬಂದು, ವಿದ್ಯುತ್ ಕಚೇರಿಯ ಮುಂದೆ ಸಾಲುನಿಂತು ಬಲ್ಬು ಕೊಂಡ ದಿನಗಳು ಹಲವರಿಗೆ ನೆನಪಿರಬಹುದು. ದೇಶದಲ್ಲಿ ಹಾಗೆ ಹಂಚಿದ ಬಲ್ಬುಗಳು 36 ಕೋಟಿಗೂ ಹೆಚ್ಚು. ನಡುವೆ ಬಂದುಹೋದ ಸುರುಳಿಕೊಳವೆಯ ಸಿಎಫ್‌ಎಲ್, ಒಳಗಿನ ಪಾದರಸವನ್ನೂ ಹೊತ್ತಿಕೊಳ್ಳಲು ಮಾಡುತ್ತಿದ್ದ ತಡವನ್ನೂ ಜೊತೆಯಲ್ಲೇ ಕಟ್ಟಿಕೊಂಡು ಮರೆಗೆ ಸರಿಯಿತು.

ಒಂದು ಸಂಗತಿ ಮಾತ್ರ ಇಂದಿಗೂ ನನ್ನನ್ನು ಬೆರಗುಗೊಳಿಸುತ್ತದೆ. ನಮ್ಮ ಮನೆಗಳಲ್ಲಿ ಬಲ್ಬನ್ನು ಕ್ಯಾಂಡಲ್ ಲೆಕ್ಕದಲ್ಲಿ ಹೇಳುತ್ತಿದ್ದರು: ಪಡಸಾಲೆಗೆ ಅರವತ್ತು ಕ್ಯಾಂಡಲ್, ಬಚ್ಚಲಿಗೆ ನಲವತ್ತು, ಮಲಗುವ ಕೋಣೆಗೆ ಝೀರೋ ಕ್ಯಾಂಡಲ್. ಹೆಸರು ಝೀರೋ ಆದರೂ ಆ ಪುಟ್ಟ ಬಲ್ಬು ಹನ್ನೆರಡರಿಂದ ಹದಿನೈದು ವಾಟ್ ತಿನ್ನುತ್ತಿತ್ತು. ರಾತ್ರಿ ಎದ್ದವರ ಕಾಲಿಗೆ ಮಂಚದ ಕಾಲು ತಾಗದಿರಲಿ ಎಂಬಷ್ಟೇ ಬೆಳಕಿಗೆ ಅಷ್ಟು ಖರ್ಚು. ಇಂದು ಇಡೀ ಪಡಸಾಲೆಯನ್ನು ತುಂಬುವ ಬಲ್ಬು ಅಂದಿನ ಝೀರೋಗಿಂತ ಕಡಿಮೆ ತಿನ್ನುತ್ತದೆ. ಇಷ್ಟು ದೊಡ್ಡ ಉಳಿತಾಯ ಕೈಗೆ ಬಂದಮೇಲೆ ಅದರಲ್ಲಿ ಒಂದು ಚೂರನ್ನು ಸೊಗಸಿಗೆ ಖರ್ಚು ಮಾಡುವ ಹಕ್ಕು ನಮಗಿದೆ ಎಂದೇ ನಾನು ನಂಬಿದ್ದೇನೆ. ಕಾಫಿಪುಡಿಯನ್ನು ಮೂಗಿಗೆ ಹಿಡಿದು ಆರಿಸುತ್ತೇವೆ, ಅಕ್ಕಿಯನ್ನು ಅಂಗೈಯಲ್ಲಿ ಹರಡಿ ನೋಡುತ್ತೇವೆ. ದಿನಾ ಸಂಜೆ ಮನೆಯವರ ಮುಖ, ಊಟದ ತಟ್ಟೆ, ಗೋಡೆಯ ಪಟ ಎಲ್ಲವನ್ನೂ ಕಣ್ಣಿಗೆ ತಂದು ಬಡಿಸುವ ಬಲ್ಬನ್ನು ಮಾತ್ರ "ಒಂದು ನೈನ್ ವಾಟ್ ಕೊಡಿ" ಎಂದು ತಂದುಬಿಡುತ್ತೇವೆ.

ವಾಟ್ ಕೇಳಿ ಬಲ್ಬು ಕೊಳ್ಳುವುದು, ಹಸು ಎಷ್ಟು ಮೇವು ತಿನ್ನುತ್ತದೆ ಎಂದು ಕೇಳಿ ಹಸು ಕೊಂಡ ಹಾಗೆ. ಹಾಲಿನ ಲೆಕ್ಕ ಡಬ್ಬಿಯ ಮೇಲೆ ಬೇರೆಯೇ ಇರುತ್ತದೆ, ಲ್ಯೂಮೆನ್ ಎಂಬ ಹೆಸರಿನಲ್ಲಿ. ಒಂದು ವಾಟಿಗೆ ನೂರರ ಹತ್ತಿರ ಲ್ಯೂಮೆನ್ ಕೊಡುವ ಬಲ್ಬು ಒಳ್ಳೆಯ ಕರಾವು. ಡಬ್ಬಿಯ ಮೇಲಿನ ನಕ್ಷತ್ರಗಳು ಎಣಿಸುವುದೂ ಇದನ್ನೇ. ಆದರೆ ಹಾಲು ಎಷ್ಟು ಲೀಟರ್ ಎಂದು ಗೊತ್ತಾದರೆ ಕೆನೆ ಎಷ್ಟು ಎಂದು ಗೊತ್ತಾದಂತಲ್ಲ. ನನ್ನ ಆಸಕ್ತಿ ಆ ಕೆನೆಯಲ್ಲಿ.

ಅದನ್ನು ತಿಳಿಯಲು ಬಲ್ಬು ಆರಿದ್ದಾಗ ನೋಡಬೇಕು. ಕೆಟ್ಟುಹೋದ ಎಲ್‌ಇಡಿ ಬಲ್ಬೊಂದು ಸಿಕ್ಕರೆ ಮೇಲಿನ ಹಾಲುಬಣ್ಣದ ಟೊಪ್ಪಿಗೆಯನ್ನು ತಿರುಗಿಸಿ ತೆಗೆಯಿರಿ. ಒಳಗೆ ಬಿಳಿಯ ಬಿಲ್ಲೆ, ಬಿಲ್ಲೆಯ ಮೇಲೆ ಸಣ್ಣ ಸಣ್ಣ ಹಳದಿ ಚೌಕಗಳು. ಹೊಸ್ತಿಲಿಗೆ ಇಟ್ಟ ಅರಿಶಿನದ ಬೊಟ್ಟಿನದೇ ಬಣ್ಣ. ಬಿಳಿ ಬೆಳಕು ಹುಟ್ಟುವುದು ಆ ಅರಿಶಿನದ ಚುಕ್ಕೆಯಲ್ಲಿ. ಅದರಡಿಯ ಸಾಸಿವೆಗಿಂತ ಚಿಕ್ಕ ಹರಳು ಸೂಸುವುದು ನೀಲಿ ಬೆಳಕನ್ನು ಮಾತ್ರ. ಹಳದಿ ಲೇಪ ಆ ನೀಲಿಯಲ್ಲಿ ಒಂದಿಷ್ಟನ್ನು ಹೀರಿ ಹಳದಿಯಾಗಿ ಹೊರಬಿಡುತ್ತದೆ. ಹೀರದೆ ಉಳಿದ ನೀಲಿಯೂ ಈ ಹಳದಿಯೂ ನಮ್ಮ ಕಣ್ಣಲ್ಲಿ ಕೂಡಿ ಬಿಳಿಯಾಗುತ್ತವೆ.

ಆ ನೀಲಿ ಹರಳಿಗಾಗಿ ಜಗತ್ತು ಬಹಳ ಕಾಯಿತು. ಕೆಂಪು ಎಲ್‌ಇಡಿ 1962ರಲ್ಲೇ ಬಂದಿತ್ತು. ರೇಡಿಯೋದ, ಟೇಪ್‌ರೆಕಾರ್ಡರಿನ ಮೂಲೆಯಲ್ಲಿ ಮಿನುಗುತ್ತಿದ್ದ ಆ ಕೆಂಪು ಕಣ್ಣು ನಮಗೆಲ್ಲ ಗೊತ್ತು. ಹಸಿರೂ ಬಂತು. ಆದರೆ ನೀಲಿಯಿಲ್ಲದೆ ಬಿಳಿಯಿಲ್ಲ, ಬಿಳಿಯಿಲ್ಲದೆ ಮನೆಗೆ ದೀಪವಿಲ್ಲ. ಗ್ಯಾಲಿಯಂ ನೈಟ್ರೈಡ್ ಎಂಬ ಹಟಮಾರಿ ಹರಳನ್ನು ಕಲೆಯಿಲ್ಲದಂತೆ ಬೆಳೆಸಬೇಕಿತ್ತು. ಹಲವರು ಕೈಬಿಟ್ಟ ಕೆಲಸ ಅದು. ಜಪಾನಿನ ಇಸಾಮು ಅಕಸಾಕಿ ಮತ್ತು ಹಿರೋಶಿ ಅಮಾನೊ ನಗೋಯಾದಲ್ಲಿ, ಶುಜಿ ನಕಮುರಾ ತೋಕುಶಿಮಾದ ಒಂದು ಕಂಪನಿಯಲ್ಲಿ, ಬೇರೆಬೇರೆಯಾಗಿ ಆ ಹರಳಿನ ಬೆನ್ನು ಹತ್ತಿದರು. ನಕಮುರಾ ಅವರ ಪ್ರಖರ ನೀಲಿ 1993ರಲ್ಲಿ ಬೆಳಗಿತು. ಮೂವರಿಗೂ 2014ರ ಭೌತಶಾಸ್ತ್ರದ ನೊಬೆಲ್ ಬಂತು. ಅಡುಗೆಮನೆಯ ಸ್ವಿಚ್ಚು ಒತ್ತುವಾಗ ಮೂರು ದಶಕಗಳ ಆ ತಪಸ್ಸಿನ ಫಲ ತಲೆಯ ಮೇಲೆ ಬೆಳಗುತ್ತಿದೆ ಎಂದು ನೆನೆದರೆ, ಸಂಜೆ ದೀಪ ಹಾಕಿದೊಡನೆ ಕೈಮುಗಿಯುವ ನಮ್ಮ ಹಿರಿಯರ ರೂಢಿಗೆ ಇನ್ನೊಂದು ಅರ್ಥ ಸೇರುತ್ತದೆ.

ನೀಲಿ ಬಂತು, ಅರಿಶಿನ ಬಂತು. ಆದರೆ ಇವೆರಡೇ ಇದ್ದರೆ ಬೆಳಕಿನಲ್ಲಿ ಕೆಂಪು ಬಡವಾಗುತ್ತದೆ. ಇದನ್ನು ನಾನು ಕಲಿತದ್ದು ಅಡುಗೆಮನೆಯಲ್ಲಿ. ಒಮ್ಮೆ ರಸ್ತೆಬದಿಯಲ್ಲಿ ಡಬ್ಬಿಯೂ ಇಲ್ಲದ ನಾಲ್ಕು ಬಲ್ಬು ಅಗ್ಗಕ್ಕೆ ಸಿಕ್ಕವೆಂದು ತಂದು, ಒಂದನ್ನು ಒಲೆಯ ಮೇಲಿನ ಹೋಲ್ಡರಿಗೆ ಹಾಕಿದೆ. ಬೆಳಕು ಧಾರಾಳವಾಗಿತ್ತು, ಸಾಸಿವೆ ಡಬ್ಬಿಯ ತಳವೂ ಕಾಣುತ್ತಿತ್ತು. ಆದರೆ ಟೊಮೆಟೊ ಹೆಚ್ಚಿದರೆ ಅದಕ್ಕೆ ಇಟ್ಟಿಗೆಯ ಬಣ್ಣ. ಕುದಿಯುವ ಸಾರು ಕೆಸರಿನಂತೆ. ಬ್ಯಾಡಗಿ ಮೆಣಸಿನಕಾಯಿಯ ಹೆಗ್ಗಳಿಕೆಯೇ ಖಾರಕ್ಕಿಂತ ಬಣ್ಣ, ಅಂಥ ಬ್ಯಾಡಗಿಯೂ ಒಣ ತೊಗಟೆಯ ಹಾಗೆ ಕಂಡಿತು. ಊಟಕ್ಕೆ ಕೂತವರು ರುಚಿಯ ಬಗ್ಗೆ ಏನೂ ಅನ್ನಲಿಲ್ಲ. ಅಮ್ಮ ಮಾತ್ರ ಬಟ್ಟಲನ್ನು ಕಿಟಕಿಯ ಕಡೆ ತಿರುಗಿಸಿ ನೋಡಿ, "ಇವತ್ತು ಸಾರಿಗೆ ಕಳೆಯಿಲ್ಲ" ಅಂದಳು. ಕಿಟಕಿಯ ಬೆಳಕು ಬಿದ್ದ ಅರ್ಧ ಬಟ್ಟಲಿನಲ್ಲಿ ಸಾರು ಕೆಂಪಗಿತ್ತು, ಬಲ್ಬಿನ ಕೆಳಗಿನ ಅರ್ಧದಲ್ಲಿ ಕಂದಾಗಿತ್ತು. ಒಂದೇ ಬಟ್ಟಲಿನಲ್ಲಿ ಎರಡು ಸಾರು.

ಬಣ್ಣಗಳನ್ನು ಬೆಳಕು ಎಷ್ಟು ಪ್ರಾಮಾಣಿಕವಾಗಿ ತೋರಿಸುತ್ತದೆ ಎಂಬುದಕ್ಕೂ ಒಂದು ಅಂಕಿಯಿದೆ, ಸಿಆರ್‌ಐ. ಹಳೆಯ ತಂತಿಯ ಬಲ್ಬಿಗೆ ಅದು ನೂರಕ್ಕೆ ನೂರರ ಹತ್ತಿರ. ಸಾಮಾನ್ಯ ಎಲ್‌ಇಡಿಗಳ ಡಬ್ಬಿಯ ಮೇಲೆ 80 ಎಂದಿರುತ್ತದೆ. ಎಂಬತ್ತು ಅಂದರೆ ಡಿಸ್ಟಿಂಕ್ಷನ್ ಎಂದು ಬೀಗಬೇಕಿಲ್ಲ. ಆ ಸರಾಸರಿ ತೆಗೆಯುವುದು ಎಂಟು ತಿಳಿಬಣ್ಣಗಳ ಮೇಲೆ. ಗಾಢ ಕೆಂಪಿಗೆ ಆರ್9 ಎಂಬ ಬೇರೆಯೇ ಪರೀಕ್ಷೆಯಿದ್ದು, ಅದು ಸರಾಸರಿಯೊಳಗೆ ಸೇರುವುದಿಲ್ಲ. ಒಟ್ಟಿನಲ್ಲಿ ಎಂಬತ್ತು ತೆಗೆದ ಬಲ್ಬು ಕೆಂಪಿನಲ್ಲಿ ಸೊನ್ನೆಯ ಆಸುಪಾಸಿನಲ್ಲಿರಬಹುದು. 90 ಅಥವಾ ಅದಕ್ಕೂ ಮೇಲಿನ ಬಲ್ಬುಗಳಲ್ಲಿ ಹಳದಿ ಲೇಪಕ್ಕೆ ಕೆಂಪು ಸೂಸುವ ಲೇಪವನ್ನೂ ಬೆರೆಸಿರುತ್ತಾರೆ. ಅರಿಶಿನದ ಜೊತೆಗೆ ಕುಂಕುಮ! ನಮ್ಮ ಮನೆಗಳಲ್ಲಿ ಯಾವತ್ತೂ ಜೋಡಿಯಾಗಿಯೇ ಇರುವ ಎರಡು ಬಟ್ಟಲು ಅಷ್ಟು ಚಿಕ್ಕ ಚುಕ್ಕೆಯಲ್ಲೂ ಜೋಡಿಯಾಗಿಯೇ ಬೇಕಾದವು ಎಂದು ತಿಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಕುಂಕುಮಕ್ಕೆ ಸಣ್ಣದೊಂದು ಬೆಲೆಯುಂಟು. ಕೆಂಪು ಬೆರೆತಾಗ ವಾಟಿಗೆ ಸಿಗುವ ಲ್ಯೂಮೆನ್ ಕೊಂಚ ಇಳಿಯುತ್ತದೆ. ಡಬ್ಬಿಯ ನಕ್ಷತ್ರ ಬೆಳಕಿನ ಪ್ರಮಾಣವನ್ನು ಎಣಿಸುತ್ತದೆಯೇ ಹೊರತು ಸಾರಿನ ಕಳೆಯನ್ನಲ್ಲ. ನಾನು ಆ ಒಂದೆರಡು ವಾಟನ್ನು ಕೊಟ್ಟುಬಿಡುತ್ತೇನೆ, ಅಡುಗೆಮನೆಗೆ ಮತ್ತು ಊಟದ ಜಾಗಕ್ಕಂತೂ ಕಣ್ಣುಮುಚ್ಚಿ. ಬಚ್ಚಲಿಗೆ, ಮೆಟ್ಟಿಲಿಗೆ, ಕಾರು ನಿಲ್ಲಿಸುವ ಜಾಗಕ್ಕೆ ಸಾಮಾನ್ಯದ್ದೇ ಸಾಕು.

ಇನ್ನು ಅಂಗಡಿಯಲ್ಲಿ ಎದುರಾಗುವ ಮಾತು. "ಬಿಳಿಯಾ, ಹಳದಿಯಾ?" ನಾನು ಹೋಗುವ ಎಲೆಕ್ಟ್ರಿಕಲ್ ಅಂಗಡಿಯ ಗಲ್ಲೆಯ ಪಕ್ಕ ಒಂದು ಮರದ ಹಲಗೆಯಿದೆ, ಅದರ ಮೇಲೆ ಎರಡು ಹೋಲ್ಡರು. ಹುಡುಗ ಬಲ್ಬನ್ನು ಡಬ್ಬಿಯಿಂದ ತೆಗೆದು, ಎರಡು ಪಿನ್ನುಗಳನ್ನು ಕಚ್ಚಿಗೆ ಕೂರಿಸಿ, ಒತ್ತಿ, ಕಾಲು ಸುತ್ತು ತಿರುಗಿಸಿ ಸ್ವಿಚ್ಚು ಹಾಕುತ್ತಾನೆ. ಬೆಳಗಿದ ಮೇಲೆ ಗ್ಯಾರಂಟಿಗೆಂದು ಅದರ ಕುತ್ತಿಗೆಯ ಮೇಲೆ ಮಾರ್ಕರಿನಲ್ಲಿ ತಾರೀಕು ಬರೆದು ಕೊಡುತ್ತಾನೆ. ನಾನು ಎರಡೂ ಹೋಲ್ಡರಿಗೆ ಎರಡು ಬಗೆ ಹಾಕಿಸಿ, ನನ್ನ ಅಂಗೈಯನ್ನು ಒಮ್ಮೆ ಇದರ ಕೆಳಗೆ, ಒಮ್ಮೆ ಅದರ ಕೆಳಗೆ ಹಿಡಿಯುತ್ತೇನೆ. ಮುಂಗೈಯ ನರ ಹಸಿರಾಗಿ ಎದ್ದು, ಚರ್ಮ ಬೂದಿಯಾಗಿ ಕಂಡರೆ ಆ ಬಲ್ಬು ಬೇಡ. ಅಂಗೈಯಲ್ಲಿ ರಕ್ತದ ಕೆಂಪು ಹರಿದಾಡುವುದು ಕಂಡರೆ ಅದೇ ನನ್ನ ಬಲ್ಬು. ಇಷ್ಟಕ್ಕೆ ಯಾವ ಉಪಕರಣವೂ ಬೇಡ.

ಬಿಳಿ, ಹಳದಿ ಎಂದು ನಾವು ಕರೆಯುವುದನ್ನು ಡಬ್ಬಿ ಕೆಲ್ವಿನ್‌ನಲ್ಲಿ ಹೇಳುತ್ತದೆ: 6500 ಕೂಲ್, 4000 ನಡುವಿನದು, 3000 ಅಥವಾ 2700 ವಾರ್ಮ್. ಹೆಚ್ಚು ಅಂಕಿಗೆ ತಂಪು, ಕಡಿಮೆ ಅಂಕಿಗೆ ಬಿಸಿ ಎಂಬುದು ಮೊದಲಿಗೆ ಗಲಿಬಿಲಿ. ಕಮ್ಮಾರನ ಕುಲುಮೆಯ ಮುಂದೆ ನಿಂತವರಿಗೆ ಮಾತ್ರ ಇದು ತಟ್ಟನೆ ಹೊಳೆಯುತ್ತದೆ. ಕಬ್ಬಿಣ ಕಾಯುತ್ತ ಮೊದಲು ಕೆಂಪಾಗುತ್ತದೆ, ಆಮೇಲೆ ಕಿತ್ತಳೆ, ಆಮೇಲೆ ಹಳದಿ, ತಿದಿ ಇನ್ನೂ ಒತ್ತಿದರೆ ಬಿಳಿಯ ಕಡೆಗೆ. ಕಾವು ಏರಿದಷ್ಟೂ ಬಣ್ಣ ನೀಲಿಯತ್ತ ಜಾರುತ್ತದೆ. ಆ ಅಂಕಿ ಕುಲುಮೆಯ ಕಾವು. ಬಿಸಿ, ತಂಪು ಎಂಬ ಹೆಸರುಗಳು ನಮ್ಮ ಮನಸ್ಸಿನವು. ಮೇಣದ ಬತ್ತಿ 1900ರ ಹತ್ತಿರ, ತಂತಿಯ ಬಲ್ಬು 2700.

ನಮ್ಮಲ್ಲಿ 6500ರ ಬಿಳಿಗೆ ಯಾಕೆ ಇಷ್ಟು ಮನಸೋತರು ಎಂಬುದು ನನಗೆ ಅರ್ಥವಾಗುತ್ತದೆ. ಸಂಜೆಯಾದರೆ ವೋಲ್ಟೇಜು ಇಳಿದು, ಬಲ್ಬಿನ ತಂತಿ ಕೆಂಡದ ಗೆರೆಯಾಗಿ, ಅದರಡಿಯಲ್ಲಿ ಪುಸ್ತಕ ಹಿಡಿದು ಕಣ್ಣು ಕಿರಿದುಮಾಡಿದ ಎಷ್ಟೋ ತಲೆಮಾರುಗಳು ನಮ್ಮವು. ಭಾಗ್ಯಜ್ಯೋತಿಯ ಒಂದೇ ಒಂದು ನಲವತ್ತು ವಾಟಿನ ಬಲ್ಬಿನಲ್ಲಿ ಅಡುಗೆ, ಊಟ, ಓದು, ಬಾಣಂತನ ಎಲ್ಲ ಸಾಗಿದ ಗುಡಿಸಲುಗಳಿದ್ದವು. ಹಳದಿ ಅಂದರೆ ಬಡತನ, ಟ್ಯೂಬ್‌ಲೈಟಿನ ಬಿಳಿ ಅಂದರೆ ಅನುಕೂಲಸ್ಥರ ಮನೆ. ಆ ಆಸೆಯನ್ನು ಹಗುರವಾಗಿ ಕಾಣುವ ಮನಸ್ಸು ನನಗಿಲ್ಲ. ಆದರೆ ಮಂಕು ಹಳದಿ ಬೇರೆ, ತುಂಬು ಹಳದಿ ಬೇರೆ. ಅಂದು ಕೊರತೆಯಿದ್ದದ್ದು ಬೆಳಕಿಗೆ, ಬಣ್ಣಕ್ಕಲ್ಲ. ಇಂದು ಹನ್ನೆರಡು ವಾಟಿನ ವಾರ್ಮ್ ಬಲ್ಬು ಒಂದು ಇಡೀ ಕೋಣೆಯನ್ನು ಹೊಂಬಣ್ಣದಲ್ಲಿ ತುಂಬಿಸುತ್ತದೆ, ಅದರಲ್ಲಿ ಸೂಜಿಗೆ ದಾರ ಪೋಣಿಸಬಹುದು.

ಹೊಂಬೆಳಕಿನ ರುಚಿ ಹತ್ತಬೇಕೆಂದರೆ ಭಾನುವಾರದ ಸಂಜೆ ಮೈಸೂರಿನ ಅರಮನೆಯ ಮುಂದೆ ನಿಲ್ಲಬೇಕು. ಅಲ್ಲಿ ಹತ್ತಿರಹತ್ತಿರ ಒಂದು ಲಕ್ಷ ಪುಟ್ಟ ಬಲ್ಬುಗಳು ಅರಮನೆಯ ಕಮಾನು, ಗೋಪುರ, ಅಂಚುಗಳನ್ನು ಚುಕ್ಕಿಯಿಟ್ಟ ರಂಗೋಲಿಯಂತೆ ಬರೆಯುತ್ತವೆ. ಕತ್ತಲಲ್ಲಿ ಜನ ಕಾಯುತ್ತಿರುತ್ತಾರೆ, ಮಕ್ಕಳು ಅಪ್ಪಂದಿರ ಹೆಗಲ ಮೇಲೆ. ಫಕ್ಕನೆ ಎಲ್ಲ ಒಟ್ಟಿಗೆ ಹೊತ್ತಿದಾಗ ಅಷ್ಟು ದೊಡ್ಡ ಗುಂಪಿನಿಂದ ಒಂದೇ ಉಸಿರು. ಹಗಲಲ್ಲಿ ಬೂದುಬಣ್ಣದ ಕಲ್ಲು ಬಂಗಾರದ ತಗಡಾಗಿರುತ್ತದೆ. ಆ ಬಲ್ಬುಗಳಲ್ಲಿ ಯಾವುದೊಂದನ್ನೂ ದಿಟ್ಟಿಸಿದರೆ ಕಣ್ಣು ಕುಕ್ಕುವುದಿಲ್ಲ. ಒಂದೊಂದೂ ಚಿಕ್ಕದು, ಮೆತ್ತನೆಯದು. ಮನೆಗೆ ಇದರಲ್ಲೊಂದು ಪಾಠವಿದೆಯೆಂದು ನನಗೆ ಅನ್ನಿಸಿದ್ದುಂಟು: ಗೋಡೆಯ ಎತ್ತರದಲ್ಲಿ ಒಂದೇ ಉಗ್ರ ದೀಪ ಹಚ್ಚಿ ಎಲ್ಲರ ಮುಖವನ್ನೂ ಚಪ್ಪಟೆ ಮಾಡುವ ಬದಲು, ಅಷ್ಟೇ ವಾಟನ್ನು ಮೂರು ಕಡೆ ಹಂಚುವುದು. ಓದುವ ಕುರ್ಚಿಯ ಎಡಭುಜದ ಹಿಂದೆ ಒಂದು, ಊಟದ ಮೇಜಿನ ಮೇಲೆ ಇಳಿಬಿಟ್ಟದ್ದು ಒಂದು, ಮೂಲೆಯಲ್ಲಿ ಗೋಡೆಗೆ ಮುಖಮಾಡಿದ್ದು ಇನ್ನೊಂದು. ನಡುವೆ ಸ್ವಲ್ಪ ನೆರಳು ಉಳಿಯಲಿ. ನೆರಳಿದ್ದಾಗಲೇ ಕಂಚಿನ ಚೊಂಬಿಗೆ ದುಂಡು ಬರುವುದು, ಮಾತಾಡುವವರ ಮುಖಕ್ಕೆ ಭಾವ ಬರುವುದು.

ಹೊಂಬೆಳಕಿನ ಮಾತು ರಂಗಕ್ಕೂ ಸಲ್ಲುತ್ತದೆ. ಯಕ್ಷಗಾನದ ವೇಷದ ಕೆಂಪು, ಕಪ್ಪು, ಬೇಗಡೆ ಎಲ್ಲ ದೊಂದಿಯ ಉರಿಯನ್ನು ನಂಬಿ ಹುಟ್ಟಿದ ಬಣ್ಣಗಳು. ಎಲ್ಲೋ ಅಪರೂಪಕ್ಕೆ ದೊಂದಿ ಬೆಳಕಿನ ಆಟ ಆಡಿಸಿದಾಗ ಬಣ್ಣದ ವೇಷದ ಮುಖ ಉಸಿರಾಡುತ್ತದೆ. ಅದೇ ವೇಷ ಬೆಳ್ಳನೆಯ ಫ್ಲಡ್‌ಲೈಟಿನ ಮುಂದೆ ಬಂದರೆ ಹಚ್ಚಿದ ಹಿಟ್ಟೆಲ್ಲ ಹಿಟ್ಟಾಗಿಯೇ ಕಾಣುತ್ತದೆ.

ಬೆಳಕು ನಿಶ್ಚಲವಾಗಿರಬೇಕೆಂಬುದು ನನ್ನ ಇನ್ನೊಂದು ಆಸೆ. ನಮ್ಮ ಕರೆಂಟು ಸೆಕೆಂಡಿಗೆ ಐವತ್ತು ಆವರ್ತ. ಕಳಪೆ ಬಲ್ಬಿನೊಳಗಿನ ಡ್ರೈವರ್ ಆ ಏರಿಳಿತವನ್ನು ಸಮಮಾಡದೆ ಬಿಟ್ಟರೆ ಬೆಳಕು ಸೆಕೆಂಡಿಗೆ ನೂರು ಸಲ ನಡುಗುತ್ತದೆ. ಕಣ್ಣಿಗೆ ನೇರವಾಗಿ ಗೊತ್ತಾಗದು, ಸಂಜೆಯ ಕೊನೆಗೆ ಹಣೆ ಭಾರವಾದಾಗ ಗೊತ್ತಾಗಬಹುದು. ಬಲ್ಬಿನ ಕೆಳಗೆ ಒಂದು ಪೆನ್ಸಿಲನ್ನು ಬೀಸಣಿಗೆಯಂತೆ ಬೇಗಬೇಗ ಆಡಿಸಿ ನೋಡಿ. ಒಳ್ಳೆಯ ಬೆಳಕಿನಲ್ಲಿ ಅದು ಒಂದೇ ಮಸುಕು ಪಟ್ಟಿ. ನಡುಗುವ ಬೆಳಕಿನಲ್ಲಿ ಒಂದರ ಪಕ್ಕ ಒಂದು ಹತ್ತಾರು ಪೆನ್ಸಿಲುಗಳು ಬಿಡಿಬಿಡಿಯಾಗಿ ನಿಂತಂತೆ ಕಾಣುತ್ತವೆ. ಮೊಬೈಲಿನ ಕ್ಯಾಮೆರಾ ಬಲ್ಬಿಗೆ ಹಿಡಿದಾಗ ಪರದೆಯ ಮೇಲೆ ಕಪ್ಪು ಪಟ್ಟೆಗಳು ಹರಿದಾಡಿದರೂ ಅದೇ ಸುಳಿವು. ನಾನು ತಂದಿದ್ದ ಡಬ್ಬಿಯಿಲ್ಲದ ನಾಲ್ಕರಲ್ಲಿ ನಾಲ್ಕೂ ಹೀಗೆ ನಡುಗಿದವು, ಮಳೆಗಾಲ ಮುಗಿಯುವ ಮೊದಲೇ ಆರಿಯೂ ಹೋದವು. ಸಾಮಾನ್ಯವಾಗಿ ಮೊದಲು ಸೋಲುವುದು ಒಳಗಿನ ಡ್ರೈವರ್, ಸೋಲಿಸುವುದು ಶಾಖ. ಗಾಳಿಯಾಡದ ಗಾಜಿನ ಗುಂಡಿನೊಳಗೆ ಮುಚ್ಚಿಟ್ಟರೆ ಒಳ್ಳೆಯ ಬಲ್ಬಿಗೂ ಆಯಸ್ಸು ಕಡಿಮೆ.

ಮಲಗುವ ಕೋಣೆಗೆ ನಾನು ತಂದದ್ದು ಮನೆಯಲ್ಲೇ ಅತಿ ಚಿಕ್ಕ ಬಲ್ಬು, ಅರ್ಧ ವಾಟಿನದು, ದೀಪದ ಕುಡಿಯ ಬಣ್ಣದ್ದು. ಬಿಳಿಯೊಳಗಿನ ನೀಲಿ ಮೆದುಳಿಗೆ ಇನ್ನೂ ಹಗಲೆಂದು ಹೇಳುತ್ತ ನಿದ್ದೆಯನ್ನು ಮುಂದೂಡುತ್ತದೆ, ಆದ್ದರಿಂದ ಹತ್ತು ಗಂಟೆಯ ಮೇಲೆ ನಮ್ಮ ಮನೆಯಲ್ಲಿ ಬಿಳಿ ಬೆಳಕಿಲ್ಲ. ದೀಪ ಆರಿಸು ಎನ್ನಬಾರದು, ದೊಡ್ಡದು ಮಾಡು ಎನ್ನಬೇಕು ಎಂದು ಅಜ್ಜಿ ಕಲಿಸಿದ್ದಳು. ಪಡಸಾಲೆಯ ದೀಪ ದೊಡ್ಡದು ಮಾಡಿ ಈ ಚಿಕ್ಕದನ್ನು ಹಾಕಿದಾಗ ಗೋಡೆಗಳು ಒಂದು ಹೆಜ್ಜೆ ಹತ್ತಿರ ಬಂದಂತಿರುತ್ತದೆ.

ಹೋದ ತಿಂಗಳು ಅಮ್ಮ ಬಂದಿದ್ದಳು. ಅವಳ ಕಣ್ಣಿನ ಮಸೂರಕ್ಕೀಗ ವಯಸ್ಸಾಗಿದೆ, ನನಗಿಂತ ಹೆಚ್ಚು ಬೆಳಕು ಬೇಕು. ಅವಳು ಕೂರುವ ಕುರ್ಚಿಯ ಹಿಂದೆ ಸಿಆರ್‌ಐ ತೊಂಬತ್ತರ, ಮೂರು ಸಾವಿರ ಕೆಲ್ವಿನ್ನಿನ ಹನ್ನೆರಡು ವಾಟಿನ ಬಲ್ಬನ್ನು ಹಾಕಿಟ್ಟಿದ್ದೆ. ಏನೆಂದು ಹೇಳಿರಲಿಲ್ಲ. ರಾತ್ರಿ ಊಟವಾದ ಮೇಲೆ ಟ್ರಂಕು ತೆಗೆಸಿ ಸೀರೆಗಳನ್ನು ಒಂದೊಂದೇ ಬಿಡಿಸಿ ಮಡಿಕೆ ಬದಲಾಯಿಸುತ್ತ ಕೂತಳು. ಹಳೆಯ ಇಳಕಲ್ ಬಂತು. ಹತ್ತಿಯ ಒಡಲಿಗೆ ರೇಷ್ಮೆಯ ಸೆರಗನ್ನು ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸಿದ ಕಡೆ ಬೆರಳಾಡಿಸಿದಳು. ತೋಪು ತೆನೆಯ ಬಿಳಿ ಹಲ್ಲುಗಳ ನಡುವಿನ ಕೆಂಪನ್ನು ಬಲ್ಬಿನ ಕಡೆಗೆ ಹೊರಳಿಸಿ ಹಿಡಿದು, ಸ್ವಲ್ಪ ಹೊತ್ತು ಹಾಗೇ ನೋಡಿದಳು. ಕಿಟಕಿಯಾಚೆ ಕತ್ತಲು. ಅವಳು ಎದ್ದು ಎಲ್ಲಿಗೂ ಹೋಗಲಿಲ್ಲ. "ಈ ಅಂಚಿನ ಹತ್ತಿರ ಒಂದು ಎಳೆ ಬಿಟ್ಟಿದೆ, ಸೂಜಿ ತಾ" ಅಂದಳು.